ಬಾರಿನವರ ಬಾಯಿಮಾತು ನಂಬಿ ತಕರಾರು ವಾಪಸ್ ತೆಗೆದುಕೊಳ್ಳಬೇಡಿ

ಇದನ್ನು ಬರೆಯುತ್ತಿರುವಾಗ ರಾತ್ರಿ ಒಂದೂವರೆ. ಎದುರಿನ ಬಾರಿನಲ್ಲಿ ಯಾರದೋ ಹುಟ್ಟುಹಬ್ಬ. ನಾಲ್ಕು ವರ್ಷದ ಮಗಳು ಹಾಸಿಗೆಯಲ್ಲಿ ಎದ್ದು ಕೂತಿದ್ದಾಳೆ. ಬಾರಿನವನನ್ನು ಬೈದುಕೊಂಡು ಸುಮ್ಮನಿರಬಹುದಿತ್ತು. ಆದರೆ ಅರ್ಧ ತಪ್ಪು ನನ್ನದೇ. ಅದಕ್ಕೇ ಹೊಟ್ಟೆ ಜಾಸ್ತಿ ಉರಿಯುತ್ತಿದೆ.

ನಾವಿರುವುದು ಇಂಗ್ಲೆಂಡಿನ ಒಂದು ಸಾಧಾರಣ ಊರಿನ ಪೇಟೆ ನಡುವೆ. ಸ್ಟೇಷನ್ ಹತ್ತಿರ ಅಂತ ಈ ಫ್ಲ್ಯಾಟ್ ಹಿಡಿದೆವು. ಪೇಟೆಯಲ್ಲಿ ಮನೆ ಮಾಡಿ ಸದ್ದಿಗೆ ಅಳುತ್ತೀಯಾ ಅನ್ನಬೇಡಿ. ಬಾರು ರಾತ್ರಿ 11ಕ್ಕೆ ಮುಚ್ಚುತ್ತಿತ್ತು, ನಾವು ಎರಡು ವರ್ಷ ತುಟಿ ಬಿಚ್ಚಿರಲಿಲ್ಲ.

ಒಂದು ದಿನ ಬಾರಿನ ಬಾಗಿಲ ಪಕ್ಕ ತಿಳಿನೀಲಿ ಕಾಗದ ಕಂಡಿತು. ಊಟದ ಮೆನು ಇರಬೇಕು ಅಂತ ದಿನಾ ದಾಟಿಕೊಂಡು ಹೋದೆ. ಕೊನೆಗೊಮ್ಮೆ ಓದಿದರೆ, ವಾರದ ಏಳೂ ದಿನ ರಾತ್ರಿ 2ರವರೆಗೆ ತೆರೆಯಲು ಅರ್ಜಿ! ಇಲ್ಲಿನ 2003ರ ಲೈಸೆನ್ಸಿಂಗ್ ಕಾಯ್ದೆಯಲ್ಲಿ ಆ ನೀಲಿ ಕಾಗದ 28 ದಿನ ಅಂಟಿರಬೇಕು, ಪತ್ರಿಕೆಯಲ್ಲೂ ಒಂದು ಪ್ರಕಟಣೆ ಬರಬೇಕು. ಅಕ್ಕಪಕ್ಕದ ಮನೆಗಳಿಗೆ ಪತ್ರ ಹಾಕಲೇಬೇಕು ಅಂತೇನಿಲ್ಲ. ತಕರಾರು ಆ 28 ದಿನದೊಳಗೆ ಕೌನ್ಸಿಲ್‌ಗೆ, ಅಂದರೆ ಲೈಸೆನ್ಸ್ ಕೊಡುವ ಸ್ಥಳೀಯ ಆಡಳಿತಕ್ಕೆ, ಮುಟ್ಟಬೇಕು. ಒಂದು ದಿನ ತಡವಾದರೂ ತೆಗೆದುಕೊಳ್ಳುವುದಿಲ್ಲ. ನನಗೆ ಉಳಿದಿದ್ದು ಮೂರೇ ದಿನ.

ಬರೆದೆ. ಚೆನ್ನಾಗಿಯೇ ಬರೆದೆ. ಮನೆ ಬೆಲೆ ಇಳಿಯುತ್ತದೆ, ಪಾರ್ಕಿಂಗ್ ಸಿಗುವುದಿಲ್ಲ ಅಂದರೆ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಪರಾಧ ಮತ್ತು ಗಲಾಟೆ, ಜನರ ಸುರಕ್ಷತೆ, ಸುತ್ತಲಿನವರಿಗೆ ಕಿರಿಕಿರಿ, ಮಕ್ಕಳಿಗೆ ಹಾನಿ, ಈ ನಾಲ್ಕರಲ್ಲಿ ಯಾವುದಕ್ಕಾದರೂ ಹೊಂದಬೇಕು. ನಾನು ಕಿರಿಕಿರಿ ಹಿಡಿದುಕೊಂಡು ಎರಡು ಪುಟ ಬರೆದೆ. ಕೆಳಗಿನ ಮನೆಯ ಅಜ್ಜಿಯಿಂದಲೂ ಬರೆಸಿದೆ. ಒಟ್ಟು ಎರಡೇ ತಕರಾರು. ಪೊಲೀಸರದ್ದೂ ಇಲ್ಲ, ಬೇರೆ ಯಾವ ಇಲಾಖೆಯದ್ದೂ ಇಲ್ಲ.

ವಾರ ಕಳೆಯುವಷ್ಟರಲ್ಲಿ ಬಾರಿನ ಮ್ಯಾನೇಜರ್ ಮನೆ ಬಾಗಿಲಲ್ಲಿ! ನನ್ನ ಪತ್ರ, ಹೆಸರು, ವಿಳಾಸ ಎಲ್ಲ ಅರ್ಜಿದಾರರ ಕೈಗೆ ಹೋಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಆಸಾಮಿ ಬಹಳ ನಯ. ಶೂ ಬಿಚ್ಚಿ ಒಳಗೆ ಬಂದ. ಹೆಂಡತಿ ಕಾಫಿ ಕೊಟ್ಟಳು. ಊರಿನಿಂದ ಅಮ್ಮ ಕಳಿಸಿದ ಚಕ್ಕುಲಿ ಕೊಟ್ಟೆವು. ನಾಲ್ಕು ತಿಂದ. ಹೌದು, ಎಣಿಸಿದ್ದೇನೆ.

"ಎರಡು ಗಂಟೆ ಅಂತ ಬರೆದಿರೋದು ಸುಮ್ನೆ ಸರ್. ನಾವು ಶುಕ್ರವಾರ, ಶನಿವಾರ ಮಾತ್ರ ತೆರೆಯುತ್ತೇವೆ. ಹನ್ನೊಂದರ ಮೇಲೆ ಕಿಟಕಿ ಮುಚ್ಚುತ್ತೇವೆ, ಸಿಗರೇಟು ಸೇದುವವರನ್ನು ಹಿಂದಿನ ಅಂಗಳಕ್ಕೆ ಕಳಿಸುತ್ತೇವೆ. ನೀವು ವಾಪಸ್ ತೆಗೆದುಕೊಂಡರೆ ಹಿಯರಿಂಗ್ ತಪ್ಪುತ್ತದೆ. ನಿಮಗೂ ರಜೆ ಹಾಕುವುದು ಉಳಿಯುತ್ತದೆ, ಅಲ್ವಾ?"

ರಜೆ! ನಾನು ಬಿದ್ದಿದ್ದು ಅಲ್ಲೇ. ಅವನು ಮೆಟ್ಟಿಲು ಇಳಿದು ಹತ್ತು ನಿಮಿಷ ಆಗಿರಲಿಲ್ಲ, ಕೌನ್ಸಿಲ್‌ಗೆ ಎರಡು ಸಾಲಿನ ಇಮೇಲ್ ಕಳಿಸಿದೆ. ಅಜ್ಜಿ ಕೇಳಿದರು, ಏನು ಮಾಡಲಿ ಅಂತ. ಹುಡುಗ ಒಳ್ಳೆಯವನು, ವಾಪಸ್ ತೆಗೆದುಕೊಳ್ಳಿ ಅಂದೆ. ನಾನೇ ಅಂದೆ.

ತಕರಾರೇ ಇಲ್ಲದಿದ್ದರೆ ಕೌನ್ಸಿಲ್ ಅರ್ಜಿಯನ್ನು ಇದ್ದ ಹಾಗೇ ಒಪ್ಪಲೇಬೇಕು. ಮೂವರು ಕೌನ್ಸಿಲರ್‌ಗಳು ಕೂತು ಕೇಳುವ ಹಿಯರಿಂಗೂ ಇಲ್ಲ. ಏಳೂ ದಿನ 2 ಗಂಟೆ, ಮಂಜೂರು. ಮೊದಲ ಸೋಮವಾರವೇ ಒಂದೂ ಮುಕ್ಕಾಲಿಗೆ ಕಿಟಕಿ ತೆರೆದು ಹಾಡು. ಬೀಡಿ ಸಿಗರೇಟು ಎಲ್ಲ ನಮ್ಮ ಕಿಟಕಿ ಕೆಳಗೇ.

ಮೆಸೇಜ್ ಹಾಕಿದೆ. "ಸಾರಿ, ಈ ವಾರ ಸ್ವಲ್ಪ ರಶ್." ಮತ್ತೆ ಹಾಕಿದೆ, ಶುಕ್ರ-ಶನಿ ಮಾತ್ರ ಅಂದಿದ್ದಿರಲ್ಲ ಅಂತ. "ಆಗ ಅಂದುಕೊಂಡಿದ್ದು ಹಾಗೆ." ಮೂರನೇ ಸಲ: "ನಾವು ಲೈಸೆನ್ಸ್ ಪ್ರಕಾರವೇ ನಡೆಸುತ್ತಿದ್ದೇವೆ." ಈ ಸಲ ಸರ್ ಕೂಡ ಇಲ್ಲ.

ಕೌನ್ಸಿಲ್‌ಗೆ ಫೋನ್ ಮಾಡಿದೆ. ಫೋನ್ ಎತ್ತಿದಾಕೆ ಕೇಳಿದ್ದು ಒಂದೇ ಪ್ರಶ್ನೆ: "ಆ ಮಾತುಗಳು ಲೈಸೆನ್ಸಿನಲ್ಲಿ ಕಂಡಿಷನ್ ಆಗಿ ಇವೆಯಾ?" ಇಲ್ಲ. "ಹಾಗಾದರೆ ಅದು ನಿಮ್ಮಿಬ್ಬರ ನಡುವಿನ ಮಾತು." ಅಪೀಲು ಮಾಡಬಹುದಾ ಅಂದೆ. ತಕರಾರು ಹಾಕಿದವರಿಗೆ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ಹಕ್ಕಿದೆಯಂತೆ. ಆದರೆ ನೀವು ವಾಪಸ್ ತೆಗೆದುಕೊಂಡಿದ್ದೀರಲ್ಲ ಅಂದಳು. ಎಷ್ಟು ಮೃದುವಾಗಿ ಅಂದಳು ಅಂದರೆ, ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ನಿಮ್ಮ ಮನೆ ಹತ್ತಿರ ನೀಲಿ ಕಾಗದ ಕಂಡರೆ ಅವತ್ತೇ ಓದಿ, ಫೋಟೋ ತೆಗೆದಿಡಿ. ನಯವಾಗಿ ಮಾತಾಡುವವರು ಬಂದರೆ, ಅದನ್ನೆಲ್ಲ ಅರ್ಜಿಯಲ್ಲೇ ಬದಲಾಯಿಸಿ ಕೌನ್ಸಿಲ್‌ಗೆ ಕೊಡಿ, ಕೌನ್ಸಿಲ್‌ನಿಂದ ನನಗೆ ಬರಹದಲ್ಲಿ ಬರಲಿ, ಆಮೇಲೆ ನೋಡೋಣ ಅನ್ನಿ. ಅರ್ಧ ದಿನ ರಜೆ ಹಾಕಿ ಹಿಯರಿಂಗ್‌ಗೆ ಹೋಗಿ. ಚಕ್ಕುಲಿ ಮಾತ್ರ ಕೊಡಬೇಡಿ.

ನನಗಿನ್ನು ಉಳಿದಿರುವುದು ಲೈಸೆನ್ಸ್ ಮರುಪರಿಶೀಲನೆ ಕೇಳುವುದು. ಅದಕ್ಕೆ ಫೀಸು ಇಲ್ಲ, ಯಾರು ಬೇಕಾದರೂ ಕೇಳಬಹುದು. ಆದರೆ ಪುರಾವೆ ಬೇಕು. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ತಾರೀಕು, ಗಂಟೆ, ಯಾವ ಸದ್ದು, ಎಲ್ಲ ಬರೆಯುತ್ತೇನೆ. ಅಜ್ಜಿಗೂ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ. ಬಾಗಿಲು ಅರ್ಧ ತೆರೆದು, ಈ ಸಲ ಯೋಚನೆ ಮಾಡಿ ಹೇಳುತ್ತೇನೆ ಅಂದರು.