ಯಾವ ಭಾಷೆಗೆ ಎಷ್ಟು ಪುಕ್ಕಟೆ? ಉಚಿತ ಕಲಿಕೆಯ ಸಾಮಗ್ರಿಗಳ ಒಂದು ವಿಮರ್ಶೆ

ಹಣ ಖರ್ಚು ಮಾಡದೆ ಹೊಸ ಭಾಷೆಯೊಂದನ್ನು ಕಲಿಯಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಭಾಷೆಯನ್ನು ಆರಿಸಿಕೊಂಡು, ಆಮೇಲೆ ಅದಕ್ಕೆ ಪುಕ್ಕಟೆಯಾಗಿ ಏನೇನು ಸಿಗುತ್ತದೆ ಎಂದು ಹುಡುಕತೊಡಗುತ್ತಾರೆ. ಈ ಕ್ರಮವನ್ನು ಹಿಂದುಮುಂದು ಮಾಡಿಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ನಮಸ್ಕಾರ, ಅಂಕಿಸಂಖ್ಯೆ, ಬಣ್ಣಗಳ ಹೆಸರು ಮುಂತಾದವನ್ನು ಹೇಳಿಕೊಡುವ ಆರಂಭದ ಪಾಠಗಳು ದೊಡ್ಡ ಭಾಷೆಗಳಿಗೆಲ್ಲ ಅಂತರ್ಜಾಲದಲ್ಲಿ ಧಾರಾಳವಾಗಿವೆ; ಆ ಭಾಷೆಯನ್ನು ಚೆನ್ನಾಗಿ ಬಲ್ಲವರಿಗೆ ಬೇಕಾದ ಪತ್ರಿಕೆ, ರೇಡಿಯೊ, ವಿಡಿಯೊಗಳಿಗೂ ಬರವಿಲ್ಲ. ಇವೆರಡರ ನಡುವಿನ ಮೆಟ್ಟಿಲುಗಳೇ ಎಷ್ಟೋ ಭಾಷೆಗಳಲ್ಲಿ ಕಾಣೆಯಾಗಿರುತ್ತವೆ: ನಿಧಾನವಾಗಿ ಮಾತಾಡಿದ, ಆಡಿದ ಮಾತಿನ ಬರಹವೂ ಜೊತೆಗಿರುವ, ಕಲಿಯುವವರಿಗೆ ಅಷ್ಟರಲ್ಲಿ ಎಷ್ಟು ಪದ ಗೊತ್ತಿರಬಹುದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಸಿದ್ಧಪಡಿಸಿದ ಸಾಮಗ್ರಿ. ಸ್ವಂತವಾಗಿ ಕಲಿಯುವವರು ಕೈಬಿಡುವುದು ಸಾಮಾನ್ಯವಾಗಿ ಈ ಜಾಗದಲ್ಲಿಯೇ. ಜರ್ಮನ್, ಸ್ಪ್ಯಾನಿಷ್, ಜಪಾನೀಸ್, ಟರ್ಕಿಶ್ ಮತ್ತು ಸ್ವಾಹಿಲಿ ಭಾಷೆಗಳ ಉಚಿತ ಸಾಮಗ್ರಿಯನ್ನು ಬಳಸಿ ನೋಡುವಾಗ ನಾನು ಮುಖ್ಯವಾಗಿ ಇಟ್ಟುಕೊಂಡ ಅಳತೆಗೋಲು ಈ ನಡುವಿನ ಹಂತವೇ.

ಭಾಷೆಯ ಆಯ್ಕೆಯ ಮಾತು ಬಂದಾಗಲೆಲ್ಲ ಎದುರಾಗುವ ಪಟ್ಟಿಯೊಂದಿದೆ. ಅಮೆರಿಕದ ವಿದೇಶಾಂಗ ಇಲಾಖೆಗೆ ಸೇರಿದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ಅಧಿಕಾರಿಗಳಿಗೆ ಯಾವ ಭಾಷೆ ಕಲಿಸಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಗುರುತಿಸಿರುವ ಆ ಪಟ್ಟಿಯಲ್ಲಿ ಸ್ಪ್ಯಾನಿಷ್‌ಗೆ ಸುಮಾರು 30 ವಾರ, ಜರ್ಮನ್ ಮತ್ತು ಸ್ವಾಹಿಲಿಗೆ 36 ವಾರ, ಟರ್ಕಿಶ್‌ಗೆ 44 ವಾರ, ಜಪಾನೀಸ್‌ಗೆ 88 ವಾರ ಎಂದಿದೆ. ಆದರೆ ಅವು ಶಿಕ್ಷಕರ ಎದುರು ದಿನವಿಡೀ ಕುಳಿತು ಕಲಿಯುವ, ಇಂಗ್ಲಿಷನ್ನೇ ಮಾತೃಭಾಷೆಯಾಗಿ ಹೊಂದಿದವರ ವಾರಗಳು. ಕನ್ನಡಿಗರ ಮಟ್ಟಿಗೆ ಈ ಶ್ರೇಣಿ ಸಾಕಷ್ಟು ಅಲುಗಾಡುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ನಾಮಪದದ ಬೆನ್ನಿಗೆ ಪ್ರತ್ಯಯ ಅಂಟಿಕೊಳ್ಳುವುದು, ವಿಶೇಷಣದಂತೆ ಇಡೀ ಉಪವಾಕ್ಯವೇ ನಾಮಪದಕ್ಕಿಂತ ಮೊದಲು ಬಂದು ಕೂರುವುದು, ಇವೆಲ್ಲ ಟರ್ಕಿಶ್ ಮತ್ತು ಜಪಾನೀಸ್ ಕಲಿಯುವ ಇಂಗ್ಲಿಷರನ್ನು ಬಹಳ ದಿನ ಕಾಡುವ ಸಂಗತಿಗಳು. ನಾವು ಮನೆ ಎಂಬುದಕ್ಕೆ ಬಹುವಚನ, ಆಮೇಲೆ ವಿಭಕ್ತಿ ಸೇರಿಸಿ ಮನೆಗಳಲ್ಲಿ ಎನ್ನುವಂತೆಯೇ ಟರ್ಕಿಶರು 'ಎವ್' ಎಂಬುದಕ್ಕೆ 'ಲೆರ್', ಅದರ ಮೇಲೆ 'ದೆ' ಸೇರಿಸಿ 'ಎವ್‌ಲೆರ್‌ದೆ' ಎನ್ನುತ್ತಾರೆ. ಇದನ್ನು ವಿವರಿಸಲು ಇಂಗ್ಲಿಷ್ ಪಾಠಗಳು ಪುಟಗಟ್ಟಲೆ ಬರೆಯುತ್ತವೆ; ನಾವು ಆ ಪುಟಗಳನ್ನು ಮಗುಚಿ ಮುಂದೆ ಹೋಗಬಹುದು. ಜಪಾನೀಸ್‌ನ ಲಿಪಿಯ ಹೊರೆ ಮಾತ್ರ ಯಾರಿಗೂ ಕಡಿಮೆಯಾಗುವುದಿಲ್ಲ. ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2,136 ಕಾಂಜಿಗಳು, ಅಂದರೆ ಚೀನೀ ಮೂಲದ ಅಕ್ಷರಗಳು, ಇವೆ.

ಇನ್ನು ಸಾಮಗ್ರಿಗಳ ವಿಚಾರ. 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಡುಯೊಲಿಂಗೊ ಆ್ಯಪ್ ಎಲ್ಲರಿಗೂ ಗೊತ್ತಿರುವ ಹೆಸರಾದ್ದರಿಂದ ಅದನ್ನು ಬೇಗ ಮುಗಿಸಬಹುದು. ದಿನಕ್ಕೊಮ್ಮೆ ಭಾಷೆಯ ಮುಂದೆ ಕೂರುವ ಅಭ್ಯಾಸವನ್ನು ಹಚ್ಚುವುದರಲ್ಲಿ ಅದನ್ನು ಮೀರಿಸಿದ್ದು ಇಲ್ಲ, ಪಾಠಕ್ಕೆ ಬಾ ಎಂದು ನೆನಪಿಸುತ್ತಲೇ ಇರುವ ಅದರ ಲಾಂಛನದ ಹಸಿರು ಗೂಬೆಯ ಪೀಡನೆಯನ್ನು ಸಹಿಸಿಕೊಳ್ಳುವುದಾದರೆ. ಹೊಸ ಲಿಪಿಯ ಅಕ್ಷರಗಳನ್ನು ಕಣ್ಣಿಗೆ ಪರಿಚಯಿಸಲೂ ಅದು ಉತ್ತಮ. ಆದರೆ ಒಂದೇ ಹೆಸರಿನಡಿ ಇರುವ ಕೋರ್ಸುಗಳ ಗಾತ್ರ ಮತ್ತು ಗುಣ ಭಾಷೆಯಿಂದ ಭಾಷೆಗೆ ಅಜಗಜಾಂತರ. ಅಲ್ಲಿನ ಅನೇಕ ಕೋರ್ಸುಗಳನ್ನು ಕಟ್ಟಿದ್ದು ಸ್ವಯಂಸೇವಕರು. ಆ ವ್ಯವಸ್ಥೆಯನ್ನು ಕಂಪನಿ 2021ರಲ್ಲಿ ನಿಲ್ಲಿಸಿತು. ಸ್ಪ್ಯಾನಿಷ್, ಫ್ರೆಂಚ್‌ಗಳಿಗೆ ಸಿಕ್ಕ ಆರೈಕೆ ಸ್ವಾಹಿಲಿಗೆ ಸಿಕ್ಕಿಲ್ಲ. ಉಚಿತ ಖಾತೆಯಲ್ಲಿ ಜಾಹೀರಾತುಗಳಿರುತ್ತವೆ ಮತ್ತು ಒಂದೇ ಸಮನೆ ಎಷ್ಟು ಹೊತ್ತು ಅಭ್ಯಾಸ ಮಾಡಬಹುದು ಎಂಬುದಕ್ಕೂ ಮಿತಿ ಇರುತ್ತದೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಪರದೆಯ ಮೇಲೆ ಹರಡಿದ ಪದಗಳನ್ನು ಒತ್ತಿ ವಾಕ್ಯ ಜೋಡಿಸುವವರಿಗೆ ಪದಗಳ ಗುರುತು ಸಿಗುತ್ತದೆಯೇ ಹೊರತು ಬಾಯಿಗೆ ವಾಕ್ಯ ಬರುವುದಿಲ್ಲ. ಭಾಷೆಯೊಂದರ ರುಚಿ ನೋಡಲು ಡುಯೊಲಿಂಗೊ ಸಾಕು. ಅದರ ಮೇಲೆಯೇ ಭಾಷೆಯನ್ನು ನಿರ್ಧರಿಸುವುದು ಬೇಡ.

ವಾಕ್ಯ ಬಾಯಿಗೆ ಬರಿಸುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಲ್ಯಾಂಗ್ವೇಜ್ ಟ್ರಾನ್ಸ್‌ಫರ್. ಮಿಹಾಲಿಸ್ ಎಲೆಫ್ಥೇರಿಯು ಎಂಬ ಒಬ್ಬರೇ ಶಿಕ್ಷಕರು ಕಟ್ಟಿ ಬೆಳೆಸಿದ ಈ ಧ್ವನಿಪಾಠಗಳಿಗೆ ಶುಲ್ಕವಿಲ್ಲ, ಜಾಹೀರಾತೂ ಇಲ್ಲ; ದೇಣಿಗೆಯಿಂದ ನಡೆಯುತ್ತದೆ. ಪಾಠದಲ್ಲಿ ಶಿಕ್ಷಕರು ಎದುರಿಗಿರುವ ಒಬ್ಬ ವಿದ್ಯಾರ್ಥಿಗೆ ಪ್ರಶ್ನೆ ಹಾಕುತ್ತಾರೆ. ಕೇಳುವವರು ಅಲ್ಲಿಯೇ ಧ್ವನಿಯನ್ನು ನಿಲ್ಲಿಸಿ, ತಮ್ಮ ಉತ್ತರವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ವಿದ್ಯಾರ್ಥಿಯ ಉತ್ತರವನ್ನು ಕೇಳಬೇಕು. ಟಿಪ್ಪಣಿ ಬರೆದುಕೊಳ್ಳಬಾರದು, ಬಾಯಿಪಾಠ ಮಾಡಬಾರದು ಎಂಬುದು ಅವರ ಷರತ್ತು. ಸ್ಪ್ಯಾನಿಷ್‌ನ ಆರಂಭದ ಪಾಠಗಳಲ್ಲಿ ಇಂಗ್ಲಿಷ್‌ಗೂ ಸ್ಪ್ಯಾನಿಷ್‌ಗೂ ಸಮಾನವಾಗಿರುವ ಲ್ಯಾಟಿನ್ ಮೂಲದ ಪದಗಳನ್ನೇ ಹಿಡಿದು, ಕೊನೆಯ ಧ್ವನಿ ಬದಲಿಸಿದರೆ ಇಂಪಾರ್ಟೆಂಟ್ 'ಇಂಪೊರ್ತಾಂತೆ' ಆಗುತ್ತದೆ, ಡಿಫರೆಂಟ್ 'ದಿಫೆರೆಂತೆ' ಆಗುತ್ತದೆ ಎಂದು ತೋರಿಸಿ, ಅರ್ಧ ಗಂಟೆಯೊಳಗೆ ಕಲಿಯುವವರ ಬಾಯಿಂದ ಪೂರ್ಣ ವಾಕ್ಯಗಳನ್ನು ಹೊರಡಿಸುತ್ತಾರೆ. ವಿದ್ಯಾರ್ಥಿ ತಪ್ಪಿದರೆ ಉತ್ತರವನ್ನು ಹೇಳಿಬಿಡದೆ, ಆ ತಪ್ಪು ಯಾವ ಯೋಚನೆಯಿಂದ ಹುಟ್ಟಿತು ಎಂದು ಹಿಂದಕ್ಕೆ ಕರೆದೊಯ್ಯುತ್ತಾರೆ. ಆ ತಡವರಿಕೆಗಳನ್ನು ಕತ್ತರಿಸದೆ ಉಳಿಸಿರುವುದೇ ಈ ಪಾಠಗಳ ಜೀವಾಳ ಎಂದು ನನಗೆ ಅನ್ನಿಸಿತು.

ಇಲ್ಲಿಯೂ ಭಾಷೆಗಳ ನಡುವೆ ಸಮಾನತೆ ಇಲ್ಲ. ಸ್ಪ್ಯಾನಿಷ್‌ಗೆ 90 ಪಾಠಗಳ ಪೂರ್ಣ ಕೋರ್ಸ್ ಇದೆ, ಸ್ವಾಹಿಲಿಗೆ 110 ಪಾಠಗಳ ಪೂರ್ಣ ಕೋರ್ಸ್ ಇದೆ. ಟರ್ಕಿಶ್‌ಗೆ ಇರುವುದು ಪರಿಚಯದ ಕೋರ್ಸ್ ಮಾತ್ರ, ಜಪಾನೀಸ್‌ಗೆ ಪೂರ್ಣ ಕೋರ್ಸ್ ಇಲ್ಲ. ಎಲ್ಲ ವಿವರಣೆಯೂ ಇಂಗ್ಲಿಷ್‌ನ ಮೂಲಕವೇ ನಡೆಯುವುದರಿಂದ ಇಂಗ್ಲಿಷ್ ಸರಾಗವಾಗಿ ಅರ್ಥವಾಗದವರಿಗೆ ಇದು ಉಪಯೋಗಕ್ಕೆ ಬಾರದು. ಟರ್ಕಿಶ್ ಪಾಠಗಳನ್ನು ಕೇಳುವಾಗ ಶಿಕ್ಷಕರು ಇಂಗ್ಲಿಷ್ ಕಿವಿಗೆ ವಿಚಿತ್ರವೆಂದು ಕ್ಷಮೆ ಕೇಳುತ್ತ ಮಂಡಿಸುವಂಥ ರಚನೆಗಳು ಕನ್ನಡದ ಕಿವಿಗೆ ತೀರ ಸಹಜವಾಗಿರುತ್ತವೆ, ಹಾಗಾಗಿ ಅಲ್ಲಲ್ಲಿ ನಾವು ಅವರಿಗಿಂತ ಮುಂದೆ ಓಡುತ್ತೇವೆ.

ನಡುವಿನ ಹಂತಕ್ಕೆ ಬಂದರೆ, ನಾನು ನೋಡಿದ ಐದು ಭಾಷೆಗಳಲ್ಲಿ ಜರ್ಮನ್‌ಗೆ ಸಾಟಿಯಿಲ್ಲ. ಇದಕ್ಕೆ ಕಾರಣ ಡಾಯ್ಚೆ ವೆಲೆ. ಜರ್ಮನ್ ಸರ್ಕಾರದ ಹಣದಿಂದ ನಡೆಯುವ ಈ ಅಂತರರಾಷ್ಟ್ರೀಯ ಪ್ರಸಾರ ಸಂಸ್ಥೆ ಭಾಷಾಪಾಠಗಳನ್ನು ಸಂಪೂರ್ಣ ಉಚಿತವಾಗಿ ಕೊಡುತ್ತಿದೆ. ಯಾರಿಗೆ ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು 2001ರಲ್ಲಿ ಯುರೋಪ್ ಮಂಡಳಿ ಪ್ರಕಟಿಸಿದ ಎ1ರಿಂದ ಸಿ2ವರೆಗಿನ ಆರು ಹಂತಗಳ ಚೌಕಟ್ಟಿಗೆ ಸರಿಯಾಗಿ ಅವುಗಳನ್ನು ಜೋಡಿಸಲಾಗಿದೆ. ಮೊದಲ ಮೂರು ಹಂತಗಳಿಗೆ 'ನಿಕೋಸ್ ವೇಗ್' ಎಂಬ ವಿಡಿಯೊ ಸರಣಿಯಿದೆ. ಸ್ಪೇನಿನಿಂದ ಬಂದಿಳಿದು ಬ್ಯಾಗು ಕಳೆದುಕೊಂಡ ಯುವಕನೊಬ್ಬನ ಕತೆಯನ್ನು ಪುಟ್ಟ ಪುಟ್ಟ ಕಂತುಗಳಲ್ಲಿ ಹೇಳಿ, ಪ್ರತಿ ಕಂತಿಗೂ ಸಂಭಾಷಣೆಯ ಪಠ್ಯ, ಪದಪಟ್ಟಿ, ವ್ಯಾಕರಣ, ಅಭ್ಯಾಸಗಳನ್ನು ಕೊಟ್ಟಿದ್ದಾರೆ. ನಟನೆ ಕೆಲವೆಡೆ ಪೇಲವ ಎನಿಸಿದರೂ ಮುಂದೇನಾಯಿತು ಎಂಬ ಕುತೂಹಲ ಉಳಿಯುತ್ತದೆ, ಪಠ್ಯಪುಸ್ತಕದಿಂದ ಅಷ್ಟನ್ನು ನಿರೀಕ್ಷಿಸಲಾಗದು.

ಅದನ್ನು ಮುಗಿಸಿದವರಿಗೆ 'ಟಾಪ್ ಥೇಮಾ' ಎಂಬ ಕಿರು ವರದಿಗಳಿವೆ: ಒಂದು ಪುಟದ ಸರಳ ಲೇಖನ, ಅದರ ಓದಿನ ಧ್ವನಿ, ಕಠಿಣ ಪದಗಳಿಗೆ ಜರ್ಮನ್‌ನಲ್ಲಿಯೇ ವಿವರಣೆ. ಇದರ ಮೇಲೆ ನಿಧಾನವಾಗಿ ಓದಿದ ವಾರ್ತೆಗಳು. ಒಂದೇ ವಾರ್ತೆ ನಿಧಾನಗತಿಯಲ್ಲಿಯೂ ಮಾಮೂಲಿ ವೇಗದಲ್ಲಿಯೂ ಪಠ್ಯದ ಸಮೇತ ಸಿಗುತ್ತದೆ. ಮೊದಲು ಪಠ್ಯ ನೋಡದೆ ನಿಧಾನದ ಓದನ್ನು, ಬಳಿಕ ಪಠ್ಯದ ಮೇಲೆ ಕಣ್ಣಾಡಿಸುತ್ತ ಅದನ್ನೇ ಮತ್ತೊಮ್ಮೆ, ಕೊನೆಗೆ ಪಠ್ಯವನ್ನು ಮುಚ್ಚಿಟ್ಟು ಮಾಮೂಲಿ ವೇಗದ ಓದನ್ನು ಕೇಳಿದರೆ, ಮೊದಲ ಸಲ ಒಂದೇ ಉದ್ದನೆಯ ಸದ್ದಾಗಿ ಕೇಳಿಸಿದ ಸಮಾಸಪದಗಳು ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ. ಕ್ರಿಯಾಪದದಿಂದ ಬೇರ್ಪಟ್ಟು ವಾಕ್ಯದ ಕೊನೆಗೆ ಹೋಗಿ ಕೂರುವ ಉಪಸರ್ಗಗಳೂ ಕಿವಿಗೆ ಬೀಳುತ್ತವೆ. ಒಂದು ಎಚ್ಚರಿಕೆ: ಇಲ್ಲಿ ನಿಧಾನವಾಗಿರುವುದು ಓದು ಮಾತ್ರ. ಭಾಷೆ ಪೂರ್ತಿ ಪತ್ರಿಕೆಯದೇ ಆಗಿರುವುದರಿಂದ ಎರಡನೆಯ ಹಂತ ಮುಗಿಸಿದ ಕೂಡಲೇ ಇದಕ್ಕೆ ಕೈಹಾಕಿದರೆ ನಿರಾಸೆಯೇ ಗತಿ. ನಡುವೆ 'ಟಾಪ್ ಥೇಮಾ'ದಲ್ಲಿ ಕೆಲವು ತಿಂಗಳು ಕಳೆಯುವುದು ಒಳ್ಳೆಯದು.

ಸ್ಪ್ಯಾನಿಷ್‌ನ ಬಲ ಬೇರೆ ರೀತಿಯದು. ಡ್ರೀಮಿಂಗ್ ಸ್ಪ್ಯಾನಿಷ್ ಎಂಬ ವಿಡಿಯೊ ಸಂಗ್ರಹದಲ್ಲಿ ಶಿಕ್ಷಕರು ಚಿತ್ರ ಬಿಡಿಸುತ್ತ, ಕೈಸನ್ನೆ ಮಾಡುತ್ತ ಬರೀ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತಾರೆ. ಏನೂ ಬಾರದವರಿಂದ ಹಿಡಿದು ನುರಿತವರವರೆಗೆ ವಿಡಿಯೊಗಳನ್ನು ಹಂತವಾರು ವಿಂಗಡಿಸಿದ್ದಾರೆ. ಕೆಲವಕ್ಕೆ ಚಂದಾ ಬೇಕು, ಉಚಿತವಾದವೂ ಹೇರಳವಾಗಿವೆ. ಇಂಗ್ಲಿಷ್‌ನ ಮಧ್ಯಸ್ಥಿಕೆಯೇ ಇಲ್ಲದಿರುವುದು ನನ್ನ ಕಣ್ಣಿಗೆ ಇದರ ದೊಡ್ಡ ಗುಣ. ಅರ್ಥವಾಗುವ ಮಾತನ್ನು ಹೇರಳವಾಗಿ ಕೇಳಿಸಿಕೊಳ್ಳುವುದರಿಂದಲೇ ಭಾಷೆ ಬರುತ್ತದೆ ಎಂಬ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಷೆನ್ ಅವರ ವಾದ ಇದರ ಹಿಂದಿದೆ. ಆ ವಾದವನ್ನು ಇವರು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದರೆ 1,500 ಗಂಟೆ ಕೇಳುವ ದಾರಿಯನ್ನು ಹಾಕಿಕೊಟ್ಟು, ಆರಂಭದಲ್ಲಿ ಮಾತಾಡುವುದೂ ಬೇಡ, ವ್ಯಾಕರಣವೂ ಬೇಡ ಎನ್ನುತ್ತಾರೆ. ಈ ಕಡೆಯ ಮಾತನ್ನು ನಾನು ಒಪ್ಪಲಾರೆ. ಹತ್ತು ನಿಮಿಷದ ವ್ಯಾಕರಣ ವಿವರಣೆಯಿಂದ ವಯಸ್ಕರಿಗೆ ಹತ್ತಾರು ಗಂಟೆ ಉಳಿಯುವ ಸಂದರ್ಭಗಳಿವೆ. ವಿಡಿಯೊಗಳನ್ನು ಇಟ್ಟುಕೊಂಡು ಉಪದೇಶವನ್ನು ಬಿಟ್ಟರೆ ನಷ್ಟವಿಲ್ಲ.

ಜಪಾನೀಸ್ ಆರಿಸಿಕೊಳ್ಳುವವರಿಗೆ ಜಪಾನ್ ಫೌಂಡೇಶನ್ನಿನ 'ಇರೊದೊರಿ' ಪಠ್ಯಪುಸ್ತಕಗಳು ಮೂರು ಭಾಗಗಳಲ್ಲಿ, ಧ್ವನಿ ಸಮೇತ, ಪಿಡಿಎಫ್ ರೂಪದಲ್ಲಿ ಪುಕ್ಕಟೆ. ಜಪಾನಿಗೆ ಹೋಗಿ ಬದುಕುವ, ದುಡಿಯುವ ಜನರಿಗಾಗಿ ಬರೆದದ್ದಾದ್ದರಿಂದ ಪಾಠಗಳು ನೇರವಾಗಿ ವ್ಯವಹಾರಕ್ಕೆ ಇಳಿಯುತ್ತವೆ. ಅದರ ನಂತರ ತಾದೊಕು, ಅಂದರೆ ಹೆಚ್ಚು ಹೆಚ್ಚು ಓದುವ ಪದ್ಧತಿಯನ್ನು ಪ್ರಚಾರ ಮಾಡುವ ಲಾಭರಹಿತ ಸಂಸ್ಥೆಯೊಂದು ಸಚಿತ್ರ ಕಿರುಹೊತ್ತಗೆಗಳನ್ನು ಹಂತವಾರು ಉಚಿತವಾಗಿ ಇಟ್ಟಿದೆ. ಕಾಂಜಿಗಳ ಪಕ್ಕದಲ್ಲಿ ಉಚ್ಚಾರಣೆಯ ಅಕ್ಷರಗಳೂ ಇರುತ್ತವೆ. ಓದಿನ ಮೆಟ್ಟಿಲುಗಳು ಹೀಗೆ ಸಿದ್ಧವಾಗಿರುವುದರಿಂದ, ಲಿಪಿಯ ಹೊರೆಯನ್ನು ಗಣಿಸಿಯೂ, ಕನ್ನಡಿಗರಿಗೆ ನಾನು ಜಪಾನೀಸನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಟರ್ಕಿಶ್‌ನ ಸ್ಥಿತಿ ಇದಕ್ಕೆ ತದ್ವಿರುದ್ಧ. ವ್ಯಾಕರಣ ನಮಗೆ ಹತ್ತಿರ, 1928ರಲ್ಲಿ ಅಳವಡಿಸಿಕೊಂಡ ಲ್ಯಾಟಿನ್ ಲಿಪಿಯಿಂದಾಗಿ ಬರೆದಂತೆಯೇ ಓದು. ಆದರೂ ಪರಿಚಯದ ಪಾಠಗಳು ಮುಗಿದ ಮೇಲೆ ನಾನು ಹುಡುಕಿದ ಮಟ್ಟಿಗೆ ಹಂತವಾರು ಕೇಳುವ ಸಾಮಗ್ರಿ ವಿರಳ. ಸ್ವಾಹಿಲಿಗೂ ಅದೇ ಕೊರತೆ ಇದೆ. 1957ರಿಂದ ನಡೆದುಬಂದಿರುವ ಬಿಬಿಸಿಯ ಸ್ವಾಹಿಲಿ ವಾರ್ತೆಗಳೂ ಡಾಯ್ಚೆ ವೆಲೆಯ ಸ್ವಾಹಿಲಿ ಪ್ರಸಾರವೂ ಮಾತೃಭಾಷಿಕರಿಗಾಗಿ ಇರುವಂಥವು. ಸ್ಪಷ್ಟ ಉಚ್ಚಾರಣೆ, ಬಹುತೇಕ ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುವ ಒತ್ತು, ಇವುಗಳಿಂದಾಗಿ ಕಿವಿ ಬೇಗ ಹೊಂದಿಕೊಳ್ಳುತ್ತದೆ ಎಂಬುದಷ್ಟೇ ಸಮಾಧಾನ. ಇಂಥ ಭಾಷೆಗಳಿಗೆ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನ ಹಳೆಯ ಕೋರ್ಸುಗಳು ನೆರವಿಗೆ ಬರುತ್ತವೆ. ಕೃತಿಸ್ವಾಮ್ಯದ ಬಂಧನವಿಲ್ಲದ ಅವು ಟೈಪ್‌ರೈಟರಿನ ಅಕ್ಷರ, ಕರಕರ ಎನ್ನುವ ಟೇಪು, ರಾಯಭಾರ ಕಚೇರಿಯ ಸಂಭಾಷಣೆಗಳಿಂದ ತುಂಬಿವೆ. ಆದರೆ ಒಂದೇ ರಚನೆಯನ್ನು ಹತ್ತು ಬಗೆಯಲ್ಲಿ ಹೇಳಿಸುವ ಅವುಗಳ ಶಿಸ್ತು ಇಂದಿನ ಆ್ಯಪ್‌ಗಳಲ್ಲಿ ಕಾಣುವುದಿಲ್ಲ.

ಭಾಷೆ ಯಾವುದಾದರೂ ಬೇಕಾಗುವ ಉಪಕರಣಗಳು ಕೆಲವು. ಪದಗಳನ್ನು ಮರೆಯುವ ಹೊತ್ತಿಗೆ ಮತ್ತೆ ಮುಂದಿಡುವ ಆಂಕಿ ಎಂಬ ಪದಚೀಟಿಗಳ ತಂತ್ರಾಂಶ 2006ರಿಂದ ಇದೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಬೇರೆಯವರು ಮಾಡಿಟ್ಟ ಸಿದ್ಧ ಚೀಟಿಗಳ ಕಟ್ಟಿಗಿಂತ ತಾವು ಓದಿದ, ಕೇಳಿದ ವಾಕ್ಯಗಳಿಂದ ಮಾಡಿಕೊಂಡ ಚೀಟಿಗಳೇ ನೆನಪಿನಲ್ಲಿ ನಿಲ್ಲುತ್ತವೆ. ಪದಗಳ ರೂಪಾವಳಿಗೆ ವಿಕ್ಷನರಿ, ಉದಾಹರಣೆ ವಾಕ್ಯಗಳಿಗೆ ತತೊಎಬಾ, ಉಚ್ಚಾರಣೆಗೆ ಫೋರ್ವೊ ಎಂಬ ಜಾಲತಾಣಗಳು ಸಾಕು.

ಭಾಷೆಯೊಂದನ್ನು ಅಂತಿಮಗೊಳಿಸುವ ಮೊದಲು ಮನಸ್ಸಿನಲ್ಲಿರುವ ಎರಡು ಮೂರು ಭಾಷೆಗಳಿಗೆ ಒಂದೊಂದು ಸಂಜೆ ಕೊಟ್ಟು, ಹತ್ತು ನಿಮಿಷದ, ಪಠ್ಯ ಜೊತೆಗಿರುವ, ಆರಂಭದ ಹಂತ ದಾಟಿದವರಿಗಾಗಿಯೇ ಮಾಡಿದ ಧ್ವನಿಮುದ್ರಿಕೆಯನ್ನು ಉಚಿತವಾಗಿ ಹುಡುಕಿ ನೋಡಬೇಕು. ಅಂಥವು ಸಾಲಾಗಿ ಸಿಕ್ಕರೆ ಆ ಭಾಷೆಯನ್ನು ಸ್ವಂತವಾಗಿ ಕಲಿಯಬಹುದು. ಸಿಗದಿದ್ದರೆ ಮಾತಾಡಿಸುವ ಜನರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಟ್ಯಾಂಡೆಮ್, ಹಲೋಟಾಕ್‌ನಂಥ ವಿನಿಮಯದ ಆ್ಯಪ್‌ಗಳಲ್ಲಿ ಜೊತೆಗಾರರು ಸಿಗುತ್ತಾರೆ, ಆದರೆ ಬದಲಿಗೆ ಅವರು ಕೇಳುವುದು ಕನ್ನಡಕ್ಕಿಂತ ಹೆಚ್ಚಾಗಿ ಇಂಗ್ಲಿಷನ್ನೇ. ಅರ್ಧ ಹೊತ್ತು ಅವರ ಭಾಷೆ, ಅರ್ಧ ಹೊತ್ತು ಇಂಗ್ಲಿಷ್ ಎಂದು ಮೊದಲ ದಿನವೇ ಗಡಿಯಾರ ಇಟ್ಟು ಹಂಚಿಕೊಳ್ಳದಿದ್ದರೆ ಇಡೀ ಮಾತುಕತೆ ಇಂಗ್ಲಿಷಿಗೇ ಜಾರುತ್ತದೆ.