ಆಸ್ಟ್ರೋಸ್ಯಾಟ್ ದತ್ತಾಂಶ ಭಂಡಾರ: ಆಕಾಶದ ಹಿನ್ನೆಲೆ ಬೆಳಕು ಅಳೆಯುವವರಿಗೆ ಎಷ್ಟು ಉಪಯುಕ್ತ?

ನಕ್ಷತ್ರ, ಗೆಲಾಕ್ಸಿಗಳನ್ನು ಒಂದೊಂದಾಗಿ ಚಿತ್ರದಿಂದ ತೆಗೆದುಹಾಕಿದರೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ನೇರಳಾತೀತದಲ್ಲೂ ಎಕ್ಸ್-ರೇಯಲ್ಲೂ ಮಸುಕಾದ ಒಂದು ಹೊಳಪು ಉಳಿದೇ ಉಳಿಯುತ್ತದೆ. ಅದರ ಮೂಲ ಹುಡುಕಲು ಹೊರಟ ವಿದ್ಯಾರ್ಥಿಗೆ ನಮ್ಮ ದೇಶದಲ್ಲೇ ಪುಕ್ಕಟೆ ಸಿಗುವ ಸೌಲಭ್ಯವೆಂದರೆ ಇಸ್ರೋದ ಆಸ್ಟ್ರೋಬ್ರೌಸ್, ಅಂದರೆ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ, ಆಸ್ಟ್ರೋಸ್ಯಾಟ್ ಎಂಬ ಖಗೋಳ ವೀಕ್ಷಣಾ ಉಪಗ್ರಹದ ದತ್ತಾಂಶ ಭಂಡಾರ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದೂರ ನೇರಳಾತೀತದ (ನೇರಳಾತೀತದಲ್ಲೇ ಕಡಿಮೆ ತರಂಗಾಂತರದ ಭಾಗ) ಹೊಳಪು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೇಗೆ ಏರಿಳಿಯುತ್ತದೆ ಎಂದು ನೋಡಲು ಇದು ತುಂಬ ಒಳ್ಳೆಯ ಸಾಮಗ್ರಿ. ಆ ಹೊಳಪಿನ ಒಟ್ಟು ಮಟ್ಟ ಇಷ್ಟೇ ಎಂದು ಹೇಳಲು ಸಾಲದು. ಎಕ್ಸ್-ರೇ ಹಿನ್ನೆಲೆಗಂತೂ ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಉಪಗ್ರಹ ಹಾರಿದ್ದು 2015ರ ಸೆಪ್ಟೆಂಬರ್ 28ರಂದು. ಸುತ್ತುವುದು ಸುಮಾರು 650 ಕಿ.ಮೀ. ಎತ್ತರದಲ್ಲಿ, ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆಯಲ್ಲಿ. ಈ ಕಡಿಮೆ ಓರೆಯಿಂದ ದಕ್ಷಿಣ ಅಟ್ಲಾಂಟಿಕ್‌ನ ವಿಕಿರಣ ವಲಯದ ಅಂಚನ್ನಷ್ಟೇ ಸವರಿ ಹೋಗುತ್ತದೆ. ಹಿನ್ನೆಲೆ ಅಳೆಯುವವರಿಗೆ ಇದು ದೊಡ್ಡ ಅನುಕೂಲ. ಅದರಲ್ಲಿರುವ ಉಪಕರಣಗಳಲ್ಲಿ ಈ ಕೆಲಸಕ್ಕೆ ಬರುವವು ಎರಡು: ಹೊಸಕೋಟೆಯ ಕ್ರೆಸ್ಟ್ ಆವರಣದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ ನೇರಳಾತೀತ ದೂರದರ್ಶಕ ಯುವಿಐಟಿ, ಮತ್ತು ಮುಂಬಯಿಯ ಟಿಐಎಫ್‌ಆರ್‌ನವರ ಮೃದು ಎಕ್ಸ್-ರೇ ದೂರದರ್ಶಕ ಎಸ್‌ಎಕ್ಸ್‌ಟಿ.

ಭಂಡಾರದಲ್ಲಿ ಹುಡುಕುವುದು ಕಷ್ಟವಿಲ್ಲ. ಹೆಸರು ನೋಂದಾಯಿಸಿ, ಆಕಾಶದ ನಿರ್ದೇಶಾಂಕ ಕೊಟ್ಟು, ಉಪಕರಣ ಆರಿಸಿದರೆ ಪಟ್ಟಿ ಬರುತ್ತದೆ. ವೀಕ್ಷಣಾ ಸಂಖ್ಯೆಯಲ್ಲಿರುವ ಅಕ್ಷರ ಗಮನಿಸಿ: ಜಿ ಎಂದರೆ ಉಪಕರಣ ತಂಡದ ಖಾತರಿ ಸಮಯ, ಎ ಎಂದರೆ ಅರ್ಜಿ ಹಾಕಿ ಪಡೆದ ಸಮಯ, ಟಿ ಎಂದರೆ ತುರ್ತು ವೀಕ್ಷಣೆ, ಸಿ ಎಂದರೆ ಕ್ಯಾಲಿಬ್ರೇಷನ್. ಲೆವೆಲ್-2ರ ಸಿದ್ಧ ಚಿತ್ರಗಳು ನಕ್ಷತ್ರದ ಪ್ರಕಾಶ ಅಳೆಯುವವರಿಗೆ ಸಾಕು. ಹಿನ್ನೆಲೆ ಬೇಕಾದವರು ಲೆವೆಲ್-1, ಅಂದರೆ ಸಂಸ್ಕರಿಸದ ದತ್ತಾಂಶ ಇಳಿಸಿಕೊಂಡು ಒಂದೊಂದು ಫೋಟಾನಿನ ಪಟ್ಟಿಯನ್ನು ತಾವೇ ತಯಾರಿಸಿಕೊಳ್ಳಬೇಕು. ಅದಕ್ಕೆ ಸಿಸಿಡಿ-ಲ್ಯಾಬ್ ಎಂಬ ಪ್ರೋಗ್ರಾಂ ಇದೆ, ಖಭೌತ ಸಂಸ್ಥೆಯ ಜಯಂತ್ ಮೂರ್ತಿಯವರ ತಂಡದ ಜೂಡ್ ಇದೆ. ನಮ್ಮ ಆಯ್ಕೆ ಜೂಡ್. ನೇರಳಾತೀತ ಹಿನ್ನೆಲೆಯ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು ಬರೆದ ಪ್ರೋಗ್ರಾಂ ಅದು, ಕೋಡ್ ಕೂಡ ಮುಕ್ತವಾಗಿದೆ.

ಯುವಿಐಟಿಯಲ್ಲಿ 38 ಸೆಂ.ಮೀ. ಕನ್ನಡಿಯ ಎರಡು ದೂರದರ್ಶಕಗಳಿವೆ. ನೋಟದ ವ್ಯಾಸ 28 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಸ್ಪಷ್ಟತೆ 1.5 ಆರ್ಕ್‌ಸೆಕೆಂಡಿಗಿಂತ ಉತ್ತಮ. ಸಮೀಪ ನೇರಳಾತೀತದ ಚಾನೆಲ್ 2018ರಲ್ಲಿ ನಿಂತುಹೋಯಿತು, ಹಾಗಾಗಿ ಆಮೇಲಿನ ವೀಕ್ಷಣೆಗಳಲ್ಲಿ ದೂರ ನೇರಳಾತೀತವೊಂದೇ ಸಿಗುತ್ತದೆ. ಹಿನ್ನೆಲೆಯ ದೃಷ್ಟಿಯಿಂದ ಇದು ಭಾರೀ ನಷ್ಟವಲ್ಲ. ಸಮೀಪ ನೇರಳಾತೀತದಲ್ಲಿ ಸೌರಮಂಡಲದ ದೂಳಿನ ಬೆಳಕು ಬೆರೆಯುತ್ತದೆ; ದೂರ ನೇರಳಾತೀತದಲ್ಲಿ ಆ ಕಾಟ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಏನು ಸಿಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಕ್ಷೀರಪಥದ ಧ್ರುವಗಳ ಕಡೆ ದೂರ ನೇರಳಾತೀತ ಹಿನ್ನೆಲೆ ಸುಮಾರು 300 ಫೋಟಾನ್ ಯೂನಿಟ್, ಅಂದರೆ ಪ್ರತಿ ಚದರ ಸೆಂ.ಮೀ.ಗೆ, ಸೆಕೆಂಡಿಗೆ, ಸ್ಟೆರೇಡಿಯನ್‌ಗೆ, ಆಂಗ್‌ಸ್ಟ್ರಾಮ್‌ಗೆ 300 ಫೋಟಾನು. ಮೊದಲ ಕ್ಯಾಲ್ಸಿಯಂ ಫ್ಲೋರೈಡ್ ಫಿಲ್ಟರಿನಲ್ಲಿ (ಸರಾಸರಿ 1481 ಆಂಗ್‌ಸ್ಟ್ರಾಮ್) ಸೆಕೆಂಡಿಗೆ ಒಂದು ಎಣಿಕೆ ಎಂದರೆ ಪ್ರತಿ ಚದರ ಸೆಂ.ಮೀ.ಗೆ, ಸೆಕೆಂಡಿಗೆ, ಆಂಗ್‌ಸ್ಟ್ರಾಮ್‌ಗೆ ಸುಮಾರು 3 × 10⁻¹⁵ ಅರ್ಗ್ ಎಂಬ ಗುಣಕ ಹಾಕಿದರೆ, ಇಡೀ ನೋಟಕ್ಕೆ ಸೆಕೆಂಡಿಗೆ ಸುಮಾರು 70 ಫೋಟಾನು ಬಂದಂತಾಯಿತು. ಚಿತ್ರದ ಒಂದು ಪುಟ್ಟ ಪಿಕ್ಸೆಲ್ 0.42 ಆರ್ಕ್‌ಸೆಕೆಂಡ್ ಅಗಲದ್ದು. 10,000 ಸೆಕೆಂಡ್ ಕಾದರೂ ಅದರೊಳಗೆ ಬೀಳುವುದು ಸರಾಸರಿ 0.05 ಫೋಟಾನು. ಇಪ್ಪತ್ತರಲ್ಲಿ ಹತ್ತೊಂಬತ್ತು ಪಿಕ್ಸೆಲ್ ಖಾಲಿ. ಹೆಚ್ಚಿನವರು ಎಡವುವುದು ಇಲ್ಲೇ: ಸಾಮಾನ್ಯ ಸಾಫ್ಟ್‌ವೇರ್‌ಗಳು ಹಿನ್ನೆಲೆಗೆ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ತೆಗೆದುಕೊಳ್ಳುತ್ತವೆ, ಉತ್ತರ ಸೊನ್ನೆ ಬರುತ್ತದೆ. ನಕ್ಷತ್ರಗಳನ್ನು ಮರೆಮಾಡಿ, 1 ಆರ್ಕ್‌ಮಿನಿಟ್ ಚೌಕಗಳಾಗಿ ಕೂಡಿಸಿ, ಸರಾಸರಿ ತೆಗೆಯಿರಿ. ಆಗ ಒಂದು ಚೌಕಕ್ಕೆ 1,100ರಷ್ಟು ಎಣಿಕೆ ಸಿಕ್ಕಿ ದೋಷ ನೂರಕ್ಕೆ 3ಕ್ಕೆ ಇಳಿಯುತ್ತದೆ. ಮರೆಯನ್ನು ಧಾರಾಳವಾಗಿಯೇ ಹಾಕಿ, ನಕ್ಷತ್ರದ ಬೆಳಕಿನ ಅಂಚು ಕಾಣುವುದಕ್ಕಿಂತ ದೂರ ಹರಡಿರುತ್ತದೆ.

ಎರಡನೆಯ ತೊಡಕು ಕಾಸ್ಮಿಕ್ ಕಿರಣ. ಡಿಟೆಕ್ಟರ್ ಸೆಕೆಂಡಿಗೆ ಸುಮಾರು 29 ಫ್ರೇಮ್ ಓದುತ್ತದೆ. ಖಾಲಿ ಆಕಾಶದಲ್ಲಿ ಫ್ರೇಮಿಗೆ ಎರಡು-ಮೂರು ಫೋಟಾನು ಇರಬೇಕಾದ ಕಡೆ ಒಮ್ಮೆಲೇ ಹತ್ತಾರು ಚುಕ್ಕಿ ಚೆಲ್ಲಿದ್ದರೆ ಅದು ಕಣದ ಮಳೆ. ಅಂಥ ಫ್ರೇಮನ್ನು ಪೂರ್ತಿ ಬಿಡಬೇಕು, ಬಿಟ್ಟಷ್ಟು ಕಾಲವನ್ನು ವೀಕ್ಷಣಾ ಸಮಯದಿಂದಲೂ ಕಳೆಯಬೇಕು. ಕಳೆಯದಿದ್ದರೆ ಹೊಳಪು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಒಂದೆರಡು ಚುಕ್ಕಿಯ ಸಣ್ಣ ಮಳೆಯನ್ನು ಆಕಾಶದ ಫೋಟಾನಿನಿಂದ ಬೇರ್ಪಡಿಸುವ ದಾರಿಯಿಲ್ಲ. ಒಟ್ಟು ಮಟ್ಟದ ಬಗ್ಗೆ ಈ ಉಪಕರಣದ ಮಾತನ್ನು ನಾವು ಒಪ್ಪದಿರುವುದು ಇದೇ ಕಾರಣಕ್ಕೆ. ಏರಿಳಿತಕ್ಕೆ ಈ ತೊಂದರೆ ತಟ್ಟುವುದಿಲ್ಲ, ಏಕೆಂದರೆ ಕಣಗಳು ಆಕಾಶದ ದೂಳು ನೋಡಿಕೊಂಡು ಬೀಳುವುದಿಲ್ಲ.

ಫಿಲ್ಟರ್ ಆರಿಸುವಾಗ ವಾತಾವರಣದ ಆಮ್ಲಜನಕವೂ ಹೊಳೆಯುತ್ತದೆ ಎಂಬುದು ನೆನಪಿರಲಿ. ಅದರ 130.4 ಮತ್ತು 135.6 ನ್ಯಾನೋಮೀಟರ್ ಗೆರೆಗಳು ಕ್ಯಾಲ್ಸಿಯಂ ಫ್ಲೋರೈಡ್ ಮೂಲಕ ದಾಟಿ ಬರುತ್ತವೆ. ಸಫೈರ್ ಫಿಲ್ಟರ್ ಎರಡನ್ನೂ ತಡೆಯುತ್ತದೆ. ಫೋಟಾನು ಕಡಿಮೆ ಬಂದರೂ ಹಿನ್ನೆಲೆಗೆ ಅದೇ ಮೇಲು. ಒಂದೇ ಜಾಗಕ್ಕೆ ಎರಡೂ ಫಿಲ್ಟರಿನ ವೀಕ್ಷಣೆ ಸಿಕ್ಕರೆ ಎರಡನ್ನೂ ಇಳಿಸಿಕೊಳ್ಳಿ, ವ್ಯತ್ಯಾಸ ನೋಡಿದರೆ ವಾತಾವರಣದ ಪಾಲು ಅಂದಾಜಾಗುತ್ತದೆ. ಹೀಗೆ ಶುದ್ಧಮಾಡಿದ ನಕ್ಷೆಯನ್ನು ದೂಳು ಎಲ್ಲಿದೆ ಎಂದು ತೋರಿಸುವ 100 ಮೈಕ್ರೋಮೀಟರ್ ಅವಕೆಂಪು ನಕ್ಷೆಯ ಪಕ್ಕ ಇಟ್ಟು ನೋಡಿ. ಎರಡೂ ಜೊತೆಜೊತೆಗೆ ಏರಿದರೆ ಬಿಸಿ ನಕ್ಷತ್ರಗಳ ಬೆಳಕನ್ನು ಅಂತರತಾರಾ ದೂಳು ಚದುರಿಸುತ್ತಿದೆ ಎಂದರ್ಥ. ದೂಳು ಸೊನ್ನೆಯಾದಲ್ಲೂ ಉಳಿಯುವ ಭಾಗದಲ್ಲಿ ದೂರದ ಗೆಲಾಕ್ಸಿಗಳ ಪಾಲಿದೆ, ಬಿಸಿ ಅನಿಲದ ಪಾಲಿದೆ; ಆದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ. ಈ ಕ್ಷೇತ್ರದ ಅತ್ಯಂತ ಕುತೂಹಲದ ಪ್ರಶ್ನೆ ಅದೇ.

ಭಂಡಾರದ ಒಂದು ಮಿತಿ ಹೊರಗೆ ಕಾಣುವುದಿಲ್ಲ. ಡಿಟೆಕ್ಟರ್ ಸುಟ್ಟುಹೋಗದಿರಲಿ ಎಂದು ನೇರಳಾತೀತದಲ್ಲಿ ತುಂಬ ಪ್ರಕಾಶವಾದ ನಕ್ಷತ್ರಗಳಿರುವ ಜಾಗಗಳತ್ತ ಯುವಿಐಟಿಯನ್ನು ತಿರುಗಿಸುವುದಿಲ್ಲ. ಹಿನ್ನೆಲೆ ಹೆಚ್ಚು ಹೊಳೆಯುವುದು ಅಂಥ ನಕ್ಷತ್ರಗಳ ಆಸುಪಾಸಿನಲ್ಲೇ. ಹಾಗಾಗಿ ಇಲ್ಲಿನ ವೀಕ್ಷಣೆಗಳ ಸರಾಸರಿಯನ್ನು ಇಡೀ ಆಕಾಶದ ಸರಾಸರಿ ಎಂದು ಬರೆಯಬೇಡಿ.

ಈಗ ಎಕ್ಸ್-ರೇ. 1962ರಲ್ಲಿ ಜಕ್ಕೋನಿ ಮತ್ತು ಸಂಗಡಿಗರ ರಾಕೆಟ್ ಕಂಡ ಹಿನ್ನೆಲೆ ಬಹುಪಾಲು ದೂರದ ಗೆಲಾಕ್ಸಿಗಳ ಕಪ್ಪುಕುಳಿಗಳಿಂದ ಬಂದದ್ದು ಎಂಬುದನ್ನು ಚಂದ್ರಾ ದೂರದರ್ಶಕದ 70 ಲಕ್ಷ ಸೆಕೆಂಡಿನ ಆಳ ವೀಕ್ಷಣೆ ಬಿಡಿಬಿಡಿಯಾಗಿ ತೋರಿಸಿದೆ. 1 ಕೆಇವಿಗಿಂತ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್-ರೇ ಶಕ್ತಿಯ ಅಳತೆ) ಕೆಳಗೆ ಮಾತ್ರ ಕಥೆ ಬೇರೆ: ಸೂರ್ಯನ ಸುತ್ತಲಿನ ಬಿಸಿ ಗುಳ್ಳೆ, ಕ್ಷೀರಪಥದ ಪ್ರಭಾವಳಿ, ಸೌರಮಾರುತದ ಅಯಾನುಗಳು ತಟಸ್ಥ ಪರಮಾಣುಗಳಿಗೆ ತಾಗಿ ಹೊಮ್ಮಿಸುವ ಗೆರೆಗಳು. ಎಸ್‌ಎಕ್ಸ್‌ಟಿ ಕೆಲಸ ಮಾಡುವ 0.3ರಿಂದ 8 ಕೆಇವಿ ವ್ಯಾಪ್ತಿಯಲ್ಲಿ ಇವೆಲ್ಲ ಬರುತ್ತವೆ, ಆದರೆ ಬೇರ್ಪಡಿಸುವುದು ಕಷ್ಟ. ಬಿಂದು ಮೂಲವೂ ಹಲವು ಆರ್ಕ್‌ಮಿನಿಟ್ ಹರಡುವುದರಿಂದ ಮರೆಮಾಡಿದಷ್ಟೂ ಆಕಾಶ ಕಳೆದುಹೋಗುತ್ತದೆ.

ಮೂರು ತಪ್ಪುಗಳನ್ನು ಖಂಡಿತ ತಪ್ಪಿಸಿ. ಎಸ್‌ಎಕ್ಸ್‌ಟಿ ತಂಡ ಕೊಡುವ ಹಿನ್ನೆಲೆ ಫೈಲು ಖಾಲಿ ಆಕಾಶ ನೋಡಿ ಮಾಡಿದ್ದು, ಅದರೊಳಗೆ ವಿಶ್ವದ ಹಿನ್ನೆಲೆಯೂ ಸೇರಿದೆ. ಅದನ್ನು ಕಳೆದರೆ ನೀವು ಹುಡುಕುತ್ತಿರುವುದನ್ನೇ ಕಳೆದಂತೆ. ಎಕ್ಸ್-ರೇ ಹಿಡಿಯುವ ಚಿಪ್ಪಾದ ಸಿಸಿಡಿಯ ನಾಲ್ಕು ಮೂಲೆಗಳಲ್ಲಿ ಕಬ್ಬಿಣ-55ರ ಕ್ಯಾಲಿಬ್ರೇಷನ್ ಮೂಲಗಳಿವೆ, 5.9 ಕೆಇವಿಯಲ್ಲಿ ಬರುವ ಗೆರೆ ಅವುಗಳದ್ದೇ, ಮೂಲೆಗಳನ್ನು ಕತ್ತರಿಸಿ. ರೋಹಿತ ವಿಶ್ಲೇಷಿಸುವ ಎಕ್ಸ್‌ಸ್ಪೆಕ್ ಪ್ರೋಗ್ರಾಂನಲ್ಲಿ ಗೇನ್ (ಡಿಟೆಕ್ಟರಿನ ಸಂಕೇತವನ್ನು ಶಕ್ತಿಗೆ ಬದಲಿಸುವ ಗುಣಕ) ಹೊಂದಿಸದಿದ್ದರೆ 0.02ರಿಂದ 0.03 ಕೆಇವಿ ಸರಿತ ಉಳಿಯುತ್ತದೆ. 0.56 ಮತ್ತು 0.65 ಕೆಇವಿಯ ಆಮ್ಲಜನಕದ ಗೆರೆಗಳನ್ನು ಹೋಲಿಸುವಾಗ ಇಷ್ಟು ಸರಿದರೆ ಬಿಸಿ ಅನಿಲದ ತಾಪಮಾನ ತಪ್ಪಾಗಿಯೇ ಬರುತ್ತದೆ.

ಹಾಗಾಗಿ ಎಸ್‌ಎಕ್ಸ್‌ಟಿ ಜೊತೆಗೆ ನಾಸಾದ ಹೀಸಾರ್ಕ್ ತಾಣದ ಎಕ್ಸ್-ರೇ ಹಿನ್ನೆಲೆ ಟೂಲ್ ಬಳಸಿ. ರೋಸ್ಯಾಟ್ ಉಪಗ್ರಹದ ಸರ್ವಾಕಾಶ ನಕ್ಷೆಯಿಂದ ಬೇಕಾದ ಜಾಗದ ಸರಾಸರಿ ಹೊಳಪು, ಎಕ್ಸ್‌ಸ್ಪೆಕ್‌ಗೆ ನೇರ ಹಾಕಬಹುದಾದ ರೋಹಿತ, ಎರಡನ್ನೂ ಅದು ಕೊಡುತ್ತದೆ. ನಕ್ಷೆಯ ಪಿಕ್ಸೆಲ್ 12 ಆರ್ಕ್‌ಮಿನಿಟ್, ಆದ್ದರಿಂದ ಅರ್ಧ ಡಿಗ್ರಿಗಿಂತ ಚಿಕ್ಕ ವೃತ್ತ ಕೇಳಿ ಪ್ರಯೋಜನವಿಲ್ಲ. ಗುರಿಯಲ್ಲಿ ಗೆಲಾಕ್ಸಿ ಗುಚ್ಛವಿದ್ದರೆ ವೃತ್ತದ ಬದಲು 1ರಿಂದ 2 ಡಿಗ್ರಿಯ ಉಂಗುರ ಆರಿಸಿ. ಮಾದರಿಗೆ ನಡುವಿನ ಅನಿಲದ ಹೀರಿಕೆಯಿಲ್ಲದ, 0.1 ಕೆಇವಿ ತಾಪಮಾನದ ಒಂದು ಬಿಸಿ ಅನಿಲ, ಹೀರಿಕೆಯಿರುವ 0.2 ಕೆಇವಿಯ ಇನ್ನೊಂದು, ಜೊತೆಗೆ 1.4 ಘಾತದ ಪವರ್-ಲಾ. ಘಾತವನ್ನು ಬದಲಾಗದಂತೆ ಕಟ್ಟಿಹಾಕಿ, ರೋಸ್ಯಾಟ್ ಮತ್ತು ಎಸ್‌ಎಕ್ಸ್‌ಟಿ ರೋಹಿತಗಳನ್ನು ಒಟ್ಟಿಗೆ ಹೊಂದಿಸಿ. ಎಸ್‌ಎಕ್ಸ್‌ಟಿಗೆ ಮಾತ್ರ ಉಪಕರಣದ ಸ್ವಂತ ಗದ್ದಲಕ್ಕೆಂದು ಪ್ರತ್ಯೇಕ ಪದವೊಂದನ್ನು ಸೇರಿಸಿ, ಪರಿಣಾಮಕಾರಿ ವಿಸ್ತೀರ್ಣದ ಫೈಲನ್ನು ಅದಕ್ಕೆ ಅನ್ವಯಿಸದೆ ಬಿಡಿ.