ಕೊಲೆಸ್ಟೈರಮಿನ್ ಪುಡಿನಾ, ಕೊಲೆಸೆವೆಲಮ್ ಮಾತ್ರೆನಾ?

ಎರಡೂ ಕೊಲೆಸ್ಟರಾಲ್ ಇಳಿಸೋ ಔಷಧಿ, ಮಾಡೋ ಕೆಲಸ ಒಂದೇ, ಕರುಳಲ್ಲಿ ಪಿತ್ತದ ಆಮ್ಲನ ಹಿಡ್ಕೊಂಡು ಮಲದ ಜೊತೆ ಆಚೆ ಹಾಕ್ತವೆ, ಆಗ ಲಿವರ್ ಹೊಸದಾಗಿ ಪಿತ್ತ ಮಾಡೋಕೆ ರಕ್ತದಿಂದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಎಳ್ಕೊಳ್ಳುತ್ತೆ.

ಕೊಲೆಸ್ಟೈರಮಿನ್ 4 ಗ್ರಾಂ ಡೋಸ್‌ನ ನೀರು ಇಲ್ಲ ಜ್ಯೂಸಲ್ಲಿ ಚೆನ್ನಾಗಿ ಕಲಸಿಯೇ ಕುಡಿಸ್ಬೇಕು, ಒಣ ಪುಡಿ ಬಾಯಿಗೆ ಹಾಕ್ಲೇಬಾರ್ದು, ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಲೋಟದ ತಳದಲ್ಲಿ ಮರಳು ಥರ ಉಳಿಯುತ್ತಲ್ಲ, ಅದಕ್ಕೆ ಇನ್ನೊಂಚೂರು ನೀರು ಹಾಕಿ ಅದನ್ನೂ ಕುಡಿಸಿ. ಕೊಲೆಸೆವೆಲಮ್ ಆದ್ರೆ 625 ಮಿಗ್ರಾಂ ಮಾತ್ರೆ, ದಿನಕ್ಕೆ 6, ಊಟದ ಜೊತೆ. ಆದ್ರೆ ಮಾತ್ರೆ ದಪ್ಪ, ನುಂಗೋಕೆ ಕಷ್ಟಪಡೋರಿಗೆ ಬೇಡ.

ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಬೇರೆ ಔಷಧಿಗಳ ವಿಷಯದಲ್ಲಿ. ಪುಡಿ ಸಿಕ್ಕಿದ್ದನ್ನೆಲ್ಲ ಹಿಡ್ಕೊಳ್ಳುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್, ಹೃದಯಕ್ಕೆ ಕೊಡೋ ಡಿಗಾಕ್ಸಿನ್, ಥೈರಾಯ್ಡ್ ಮಾತ್ರೆ ಎಲ್ಲ, ಹಾಗಾಗಿ ಉಳಿದ ಮಾತ್ರೆಗಳನ್ನ 1 ಗಂಟೆ ಮುಂಚೆ ಇಲ್ಲ 4ರಿಂದ 6 ಗಂಟೆ ಬಿಟ್ಟು ಕೊಡಿ. ಕೊಲೆಸೆವೆಲಮ್‌ದು ಈ ಕಾಟ ಕಮ್ಮಿ, ಆದ್ರೂ ಥೈರಾಯ್ಡ್ ಮಾತ್ರೆ 4 ಗಂಟೆ ಮೊದಲೇ ಆಗಿರ್ಬೇಕು. ತುಂಬಾ ಮಾತ್ರೆ ತಗೊಳೋರಿಗೆ, ಟೈಪ್ 2 ಶುಗರ್ ಇರೋರಿಗೆ ಕೊಲೆಸೆವೆಲಮ್ಮೇ ವಾಸಿ, ಎಚ್‌ಬಿಎ1ಸಿನೂ (ಮೂರು ತಿಂಗಳ ಸರಾಸರಿ ಶುಗರ್) ಸ್ವಲ್ಪ ಇಳಿಸುತ್ತೆ. ಪಿತ್ತನಾಳ ಅರ್ಧಂಬರ್ಧ ಕಟ್ಟಿ ಮೈ ತುರಿಕೆ ಬಂದಿದ್ರೆ ಪುಡಿ.

ಮಲಬದ್ಧತೆ ಎರಡ್ರಲ್ಲೂ ಇದೆ, ನೀರು, ನಾರಿನಂಶ ಜಾಸ್ತಿ ಕೊಡಿ. ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಥರದ ಕೊಬ್ಬು) 500 ಮಿಗ್ರಾಂ/ಡಿಎಲ್ ದಾಟಿದ್ರೆ ಕೊಲೆಸೆವೆಲಮ್ ಕೊಡೋ ಹಾಗಿಲ್ಲ, ಪುಡಿನೂ ಅದನ್ನ ಏರಿಸುತ್ತೆ, ಡಾಕ್ಟರ್‌ಗೆ ಮೊದಲೇ ತಿಳಿಸಿ.